ಎದುರುಗಾಳಿಗೆ ನಾನು, ಹಾರಕ್ಕೆ ಸಾಹೇಬರು

ಹೆಂಗಸು ಸೈಕಲ್ ಹತ್ತಿದಳೆಂದರೆ ಸಾಕು, ಅವಳಿಗೆ ಬುದ್ಧಿ ಹೇಳುವ ಡ್ಯೂಟಿಯನ್ನು ಸರಕಾರವೇ ಗಂಡಸರಿಗೆ ಕೊಟ್ಟಂತೆ ಕಾಣುತ್ತದೆ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಕಾಲಕ್ಕೆ ನಾನು ಬೀದರದ ದವಾಖಾನೆಯಲ್ಲಿ ನರ್ಸ್, ಎಲ್ಲರಿಗೂ 'ನರ್ಸ್ ಬಾಯಿ'. ರಾಜ್ಯ ಬದಲಾಯಿತು, ಬುದ್ಧಿ ಹೇಳುವವರು ಬದಲಾಗಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ವಿಲಾಯತಿ ಗಾಡಿ

ನಾನು ಹೊಸ ದೇಸಿ ಸೈಕಲ್ ಕೊಂಡೆ. ನಮ್ಮ ಕಂಪೌಂಡರರದು ವಿಲಾಯತಿ. ನನ್ನದನ್ನು ಸುತ್ತ ತಿರುಗಿ ನೋಡಿ, "ಇದೇನ್ ಸೈಕಲ್ ಏನ್ರಿ ಬಾಯಿ? ಗೇಟಿಗಿ ಗಾಲಿ ಹಚ್ಚಿದಂಗ ಅದ" ಅಂದರು.

ಮರುದಿನ ಅವರ ವಿಲಾಯತಿಯ ಟಯರು ಹರಿಯಿತು. ಮಧ್ಯಾಹ್ನ ಊಟಕ್ಕೆ ನೌಬಾದದ ಮನೆಗೆ ಹೋಗಲು ನನ್ನ ಗೇಟೇ ಬೇಕಾಯಿತು. ತಿರುಗಿ ಬಂದು, ಚೈನು ಬಹಳ ಸದ್ದು ಮಾಡುತ್ತದೆ, ತಮ್ಮದರಲ್ಲಿ ಒಂದಿಷ್ಟೂ ಸದ್ದಿಲ್ಲ ಎಂದು ಎಲ್ಲರ ಮುಂದೆ ದೂರಿದರು.

ಸದ್ದು ಬರಬೇಕಾದರೆ ಅದು ಮೊದಲು ಓಡಬೇಕಲ್ಲ!

ಪಾಳಿ

ಸಿಡುಬಿನ ಲಸಿಕೆ ಹಾಕಲು ಭಾಲ್ಕಿ ದಾರಿಯ ಹಳ್ಳಿಯೊಂದಕ್ಕೆ ಸೈಕಲ್ ಮೇಲೆ ಹೊರಟೆವು. ನಾನು, ಕಂಪೌಂಡರು, ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರು. ಮುಖಕ್ಕೆ ಬಡಿಯುವ ಗಾಳಿ. ಒಬ್ಬರು ಮುಂದೆ ಹೋದರೆ ಹಿಂದಿನವರಿಗೆ ಗಾಳಿ ತಾಗುವುದಿಲ್ಲ, ಪಾಳಿ ಪ್ರಕಾರ ಮುಂದಾಗೋಣ ಎಂದು ಸಾಹೇಬರು ಕಾಯಿದೆ ಹೇಳಿದರು. ಮೊದಲ ಪಾಳಿ ನನ್ನದು.

ಸ್ವಲ್ಪ ದೂರ ಹೋಗಿ ಪಾಳಿ ಬಿಡಲು ನೋಡಿದೆ. ಏರಿನಲ್ಲಿ ಬದಲಿಸಬಾರದು ಎಂದರು. ಇಳಿಜಾರು ಬಂತು. ಇಳಿಜಾರಿನಲ್ಲಂತೂ ಅಪಾಯ ಎಂದರು. ನನ್ನ ಬೆನ್ನ ಹಿಂದೆ ಇಬ್ಬರೂ ಹರಟುತ್ತ, ಎಲೆ ಅಡಿಕೆ ಜಗಿಯುತ್ತ ಬಂದರು. ಊರ ಅಗಸಿ ಬಾಗಿಲಲ್ಲಿ ಹಾರ ಹಿಡಿದು ನಿಂತವರು ಕಂಡದ್ದೇ ತಡ, ಸಾಹೇಬರು ನನ್ನನ್ನು ದಾಟಿ ಮುಂದೆ ಹೋಗಿ ಕೊರಳೊಡ್ಡಿ ಹಾರ ಹಾಕಿಸಿಕೊಂಡರು.

ಸಂಜೆ ತಿರುಗಿ ಹೊರಟಾಗ ಗಾಳಿ ಬೆನ್ನಿಗೆ ಬಂತು. ಸಾಹೇಬರು ಕರ್ಚೀಫಿನಿಂದ ಸೀಟು ಒರೆಸಿ, "ಈಗ ನನ್ನ ಪಾಳಿ ರಿ ಬಾಯಿ, ನೀವು ಆರಾಮ್ ಮಾಡ್ರಿ" ಅಂದರು.

ಮರ್ಯಾದೆಯ ಬಂಡಿ

ಆಮೇಲೆ ನನಗೆ ಔರಾದಕ್ಕೆ ವರ್ಗವಾಯಿತು. ಅಲ್ಲಿಗೆ ಮೈಸೂರು ಕಡೆಯ ಹೊಸ ಡಾಕ್ಟರು ಬಂದಿದ್ದರು. ಹೆಂಗಸರು ಸೈಕಲ್ ತುಳಿದರೆ ಇಲಾಖೆಯ ಮರ್ಯಾದೆ ಹೋಗುತ್ತದಂತೆ. ಕಮಲನಗರದ ದಾರಿಯ ಹಳ್ಳಿಯೊಂದರಲ್ಲಿ ಗರ್ಭಿಣಿಯನ್ನು ನೋಡಬೇಕಿತ್ತು. ನನ್ನನ್ನು ತಮ್ಮ ಜೊತೆ ಎತ್ತಿನ ಬಂಡಿಯಲ್ಲಿ ಕೂಡಿಸಿಕೊಂಡರು. ಎತ್ತುಗಳಿಗೆ ನಮ್ಮ ಅವಸರ ಯಾತಕ್ಕೆ?

ಅರ್ಧ ದಾರಿಯಲ್ಲಿ ಆಕೆಯ ಗಂಡ ಸೈಕಲ್ ಮೇಲೆ ಎದುರಾದ. ಏದುಸಿರು, ಮುಖದಲ್ಲಿ ರಕ್ತವಿಲ್ಲ. "ಲಗೂ ಬರ್ರಿ ಬಾಯಿ, ಬ್ಯಾನಿ ಭಾಳ ಆಗ್ಯಾವ, ಆಕಿ ಮಾತಾಡವಲ್ಲಳು" ಅಂದ.

ನಾನು ಕೆಳಗೆ ಜಿಗಿದು ಅವನ ಸೈಕಲ್ ಹಿಡಿದೆ. ಡಾಕ್ಟರು, "ಅದು ಗಂಡಸರ ಸೈಕಲ್ ಕಣಮ್ಮ, ನಡುವೆ ಕಂಬಿ ಇದೆ, ಸೀರೆಯಲ್ಲಿ ಹೇಗೆ ಹತ್ತುತ್ತೀರಿ?" ಎಂದರು. ನಮ್ಮ ಕಡೆ ಕಚ್ಚೆ ಹಾಕಿ ಸೀರೆ ಉಡುತ್ತೇವೆಂದು ಪಾಪ, ಅವರಿಗೇನು ಗೊತ್ತು! ಗಂಡನನ್ನು ಬಂಡಿಗೆ ಹತ್ತಿಸಿ, ಹೆರಿಗೆಯ ಚೀಲ ಹ್ಯಾಂಡಲ್ಲಿಗೆ ಸಿಕ್ಕಿಸಿ ತುಳಿದೆ. ಕೂಸು ಅಡ್ಡ ತಿರುಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಿರುಗಿಸಿ ಸರಿಪಡಿಸಿದೆ. ಹೆಣ್ಣು ಕೂಸು. ಊರೇ ಕೇಳುವಂತೆ ಅತ್ತಿತು, ತಾಯಿ ಕಣ್ಣು ಬಿಟ್ಟಳು.

ಬಾಣಂತಿಗೆ ನೀರು ಹಾಕಿ, ಕೂಸಿಗೆ ಹಾಲು ಕುಡಿಸಿ, ನಾನು ಚಹಾ ಕುಡಿದ ಮೇಲೆ ಬಂಡಿ ಬಂತು. ಡಾಕ್ಟರು ತೋಳು ಮಡಚುತ್ತ ಒಳಗೆ ನುಗ್ಗಿ, "ಎಲ್ಲಿ? ಬೇಗ ತೋರಿಸಿ" ಎಂದರು.

ಮನೆಯ ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರ್ಯಾದೆಯಿಂದಲೇ ಚಾಪೆ ಹಾಸಿದಳು.

"ಕುಂಡ್ರಿ ಸಾಹೇಬ್ರ. ತೊಟ್ಟಲದಾಗ ಹಾಕೋ ಕಾರ್ಯಕ್ಕ ಬಂದೀರೇನ್ರಿ? ಅದಕ್ಕ ಇನ್ನಾ ಟೈಮ್ ಅದ. ಭಾಳ ಲಗೂ ಬಂದೀರಿ."