ಕಾಲು ಕುಟ್ಟೋ ಪದ

ಮೈಕ್ ಸೆಟ್ ಇಟ್ಕೊಂಡೋನಿಗೆ ಇಂಥವು ಆಗ್ತಾನೇ ಇರ್ತವೆ. ಒಂದೇ ಇಂಗ್ಲಿಷ್ ಹಾಡು, ನಮ್ಮ ಕಡೆ ಪದ ಅಂತೀವಿ, ಜೀವಮಾನವೆಲ್ಲ ಕಾಡಿದ್ದು ಮಾತ್ರ ನನ್ನೊಬ್ಬನನ್ನೇ ಇರಬೇಕು.

ಮೊದಲ ಸಲ

ಎಪ್ಪತ್ತರ ದಶಕ. ಬೆಂಗಳೂರಲ್ಲಿ ಹಳೇ ಗ್ರಾಮಫೋನ್ ಪ್ಲೇಟು ಕೊಂಡಾಗ ಅದೂ ಜೊತೇಲಿ ಬಂತು. ಕವರಿನ ಮೇಲಿನ ಚಿತ್ರದಲ್ಲಿ ಗಂಡಸರು. ಮಿಂಚೋ ಬಟ್ಟೆ, ಕಣ್ಣಿಗೆ ಕಾಡಿಗೆ. "ನಾಟಕದೋರು ಕಣ್ರಿ" ಅಂದಳು ನನ್ನ ಹೆಂಡತಿ. ಅವತ್ತಿಂದ ಪಾತ್ರೆ ತಿಕ್ಕುವಾಗಲೂ ಆ ಪದಕ್ಕೆ ತಲೆ ಆಡಿಸೋಳು.

ತೋವಿನಕೆರೆ ಮದುವೇಲಿ ಹಾಕಿದೆ. ಮೊದಲು ಒಂದು ಕಿರುಚು. ಆಮೇಲೆ ದಬದಬ. ಗಂಡಿನ ಅಪ್ಪ ಊಟ ಬಿಟ್ಟು ಓಡಿಬಂದರು.

"ಯಾರ್ಲಾ ಹೊಡೆದಾಡ್ತಿರೋದು?"

"ಹಾಡು ಗೌಡ್ರೆ."

"ಹಾಡಾ? ಅಂಗಾರೆ ಹಾಡೋನ್ನ ಯಾಕ್ಲಾ ಹೊಡೀತಾವ್ರೆ?"

ಯಾರ ಪದ

ನಮ್ಮ ಕೊಡಿಗೇನಹಳ್ಳಿ ಬ್ಯಾಂಡಿನ ಕ್ಲಾರಿನೆಟ್ಟಿನವನು ಅದನ್ನ ಕಲಿತುಬಿಟ್ಟ. ಒಂದು ಕಡೆ ಬ್ಯಾಂಡು ಗಪ್ಪನೆ ನಿಲ್ಲುತ್ತೆ. ಆಗ ಜನ ಎರಡು ಸಲ ಕಾಲು ಕುಟ್ಟಿ 'ಹೋಯ್' ಅನ್ನಬೇಕು. ಮಧುಗಿರಿ, ಕೊರಟಗೆರೆ ಕಡೆ ಇದಿಲ್ಲದೆ ಮದುವೆ ಮೆರವಣಿಗೆ ಮುಂದಕ್ಕೆ ಹೋಗ್ತಿರಲಿಲ್ಲ. ಪಾವಗಡದೋರು "ಇದಿ ಮಾ ತೆಲುಗು ಪಾಟೇ" ಅಂತ ತಮ್ಮ ಹಾಡೇ ಮಾಡ್ಕೊಂಡಿದ್ದರು.

ಎಂಬತ್ತನೇ ಇಸವಿ ದಾಟಿದ ಮೇಲೆ ಸಿರಾದಲ್ಲಿ ಒಂದು ಕ್ಯಾಸೆಟ್ ಸಿಕ್ತು. ಅದೇ ಪದ. ಹಾಡೋರು ಬೇರೆ. ಇನ್ನೂ ಜೋರು. ಕ್ಲಾರಿನೆಟ್ಟಿನವನು ಕೇಳಿ ಕೆಂಡವಾದ.

"ನಮ್ಮ ಪದ ಕದ್ದವ್ರೆ ಕಣಣ್ಣ!"

"ಪ್ಲೇಟಲ್ಲಿ ಇಂಗ್ಲಿಷ್‌ನೋರೇ ಅಲ್ವೇನ್ಲಾ ಹಾಡಿದ್ದು?"

"ಅವ್ರು ಬೇರೆ. ಇವ್ರು ನಮ್ಮಿಂದ್ಲೇ ಕಲ್ತಿರೋದು."

ಹೆಂಡತಿ ಅವನಿಗೆ ಕಾಫಿ ಕೊಟ್ಟಳು. "ಅವ್ರ ಮದುವೆಗೂ ಬ್ಯಾಂಡ್ ಬೇಕಲ್ಲಣ್ಣೋ, ಬುಡು." ಆಮೇಲೆ ನನ್ನ ಕಡೆ ತಿರುಗಿ, "ನಾನ್ ಹೋದಾಗ್ಲೂ ಇದೇ ಬಾರಿಸ್ಬುಡಿ. ಗೋಳಿನ ಪದ ಬ್ಯಾಡ" ಅಂದಳು.

"ಆಯ್ತು. ಆದ್ರೆ ಇದು ಶುಭದ್ದೋ ಅಶುಭದ್ದೋ, ಯಾರಿಗ್ ಗೊತ್ತೇ?"

"ಗೊತ್ತಿಲ್ವಲ್ಲ, ಅದ್ಕೇ ಎರಡಕ್ಕೂ ಆಗ್ತದೆ."

ಕೊನೇ ಸಲ

ಅವಳೇ ಮುಂಚೆ ಹೋದಳು. ಕ್ಲಾರಿನೆಟ್ಟಿನವನು ಬಂದು ನಿಂತ. "ಏನ್ ಊದ್ಲಿ ಅಣ್ಣ?"

ನೆಂಟರು ಏನಂದಾರು? ಮಾತು ಬೇರೆ ಕೊಟ್ಟಿದ್ದೆ.

"ಅದೇ. ಮೆಲ್ಲಗೆ."

ಮೆಲ್ಲಗೇ ಊದಿದ. ಪದವೇ ಅತ್ತಂಗಿತ್ತು. ನೆಂಟರೂ ಅತ್ತರು. ಪದದಲ್ಲಿ ಆ ಕಾಲು ಕುಟ್ಟೋ ಜಾಗ ಬಂತು. ಬ್ಯಾಂಡು ನಿಂತಿತು.

ಚಟ್ಟ ಹೊತ್ತೋರು ಅಭ್ಯಾಸಕ್ಕೆ ಬಿದ್ದು ಎರಡು ಸಲ ಕಾಲು ಕುಟ್ಟಿದರು. ಹಿಂದಿದ್ದೋರು 'ಹೋಯ್' ಅಂದರು. ಚಟ್ಟ ಕುಲುಕಿತು. ಅವಳ ತಲೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಆಡಿತು.

ಅವಳ ಅತ್ತಿಗೆ ಚೀರಿದಳು. "ಅಯ್ಯೋ, ಜೀವ ಅದೆ ಕಣ್ರಪ್ಪೋ! ಇಳಿಸ್ರೋ!"

"ಇಲ್ಲ ಕಣಮ್ಮ" ಅಂದೆ. "ಈ ಪದಕ್ಕೆ ಅವಳು ಯಾವತ್ತು ಸುಮ್ಮನಿದ್ದಳು?"