ಉಳಿದ ಒಂಬತ್ತು ಮಾತ್ರೆ

ಅಂಗಡಿಯಾಕೆ: ಚೀಟಿ ಇಲ್ಲದೆ ಕೊಡಲ್ಲ ಅಂದ್ರೆ ಕೊಡಲ್ಲ ಮಾಸ್ಟ್ರೇ. ಇದೇನು ಪೆಪ್ಪರ್‌ಮೆಂಟಾ?

ಟೈಲರ್: ಚೀಟಿ ಇದೆಯಲ್ಲಮ್ಮಾ! ಹದಿನೈದು ದಿನದ ಹಿಂದೆ ಹಲ್ಲಿನ ಡಾಕ್ಟ್ರು ಬರೆದಿದ್ದು. ಅದೇ ಬಾಯಿ, ಅದೇ ಹಲ್ಲು, ಅದೇ ನಾನು. ಹೊಸ ಚೀಟಿ ಯಾಕೆ?

ಮೆಡಿಕಲ್ ಶಾಪಿನ ಗಾಜಿನ ಕೌಂಟರಿಗೆ ಮೊಣಕೈ ಊರಿ ನಿಂತಿದ್ದ ಟೈಲರನ ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಅಳತೆ ಟೇಪು ಕೊರಳಲ್ಲೇ ಇತ್ತು. ಇಬ್ಬರ ಅಂಗಡಿಗಳೂ ಎದುರುಬದುರು. ಹತ್ತು ವರ್ಷದ ಸಲಿಗೆ, ಹತ್ತು ವರ್ಷದ ಜಗಳ.

ಅಂಗಡಿಯಾಕೆ: ಹದಿನೈದು ಮಾತ್ರೆ ಎಣಿಸಿ ಕೊಟ್ಟಿದ್ದೆ. ದಿನಕ್ಕೆ ಮೂರು, ಐದು ದಿನ. ಪೂರ್ತಿ ತಗೊಂಡ್ರಾ?

ಟೈಲರ್: ಆರು ತಗೊಂಡೆ. ಎರಡೇ ದಿನಕ್ಕೆ ನೋವು ಪರಾರಿ. ಓಡಿಹೋದ ಕಳ್ಳನ ಹಿಂದೆ ಇನ್ನೂ ಒಂಬತ್ತು ಪೊಲೀಸ್ರನ್ನ ಯಾಕೆ ಕಳಿಸ್ಲಿ?

ಅಂಗಡಿಯಾಕೆ: ಓಡಿಹೋಗಿರಲಿಲ್ಲ, ಬಾಗಿಲ ಹಿಂದೆ ಅಡಗಿತ್ತು. ಪ್ಯಾಂಟಿನ ಒಂದು ಕಾಲು ಹೊಲಿದು, ‘ಇಷ್ಟಕ್ಕೇ ಮಾನ ಮುಚ್ತು, ಹೋಗಪ್ಪ’ ಅಂತ ಗಿರಾಕೀನ ಕಳಿಸ್ತೀರಾ?

ಟೈಲರ್: ಉಳಿದ ಬಟ್ಟೇನೂ ಬಿಸಾಕಲ್ಲಮ್ಮ ನಾನು. ಉಳಿದ ಮಾತ್ರೇನೂ ಹಾಗೇ. ಉಪಯೋಗಕ್ಕೆ ಹಾಕಿದೀನಿ.

ಅಂಗಡಿಯಾಕೆ: ಯಾರ ಉಪಯೋಗಕ್ಕೆ?

ಟೈಲರ್: ಪರೋಪಕಾರ! ನಮ್ಮ ಇಸ್ತ್ರಿಯವನಿಗೆ ಹೊಟ್ಟೆ ಕೆಟ್ಟಿತ್ತು. ಎರಡು ಕೊಟ್ಟೆ. ಉಂಡ ಮನೆಗೆ ಎರಡು ಬಗೆಯೋ ಜಾತಿ. ಮುಖ ಕೆಂಡದ ಹಾಗೆ ಮಾಡ್ಕೊಂಡು, ಕರುಳು ಕಿತ್ತು ಬರೋ ಹಾಗೆ ವಾಂತಿ ಮಾಡಿ, ಕೊನೆಗೆ ನನಗೇ ಬೈದ.

ಅಂಗಡಿಯಾಕೆ: ಕುಡಿದಿದ್ನಾ?

ಟೈಲರ್: ಅವನು ಮಾತ್ರೆ ನುಂಗಿದ್ದೇ ಅದರಲ್ಲಿ. ನೀರು ಯಾಕೆ ದಂಡ ಅಂತ.

ಅಂಗಡಿಯಾಕೆ: ಅಯ್ಯೋ! ಈ ಮೆಟ್ರೊನಿಡಜೋಲ್ ಮಾತ್ರೆಗೂ ಹೆಂಡಕ್ಕೂ ಎಣ್ಣೆ ಸೀಗೇಕಾಯಿ. ಕವರಿನ ಮೇಲೆ ಕೆಂಪಕ್ಷರದಲ್ಲಿ ಬರ್ದಿದ್ನಲ್ಲ, ‘ಮದ್ಯ ಕೂಡದು’ ಅಂತ?

ಟೈಲರ್: ಓ, ಅದು ಹಾಗಾ! ನಾನು ‘ಮಧ್ಯೆ ಕೂಡದು’ ಅಂತ ಓದ್ಕೊಂಡೆ. ಊಟದ ಮಧ್ಯೆ ಮುಟ್ಟಲೇ ಇಲ್ಲ, ಆಣೆಗೂ!

ಅಂಗಡಿಯಾಕೆ ಹಣೆ ಹಣೆ ಬಡಿದುಕೊಂಡಳು.

ಅಂಗಡಿಯಾಕೆ: ಇನ್ನು ಏಳು ಯಾರ ಹೊಟ್ಟೆಗೆ ಹೋಯ್ತು?

ಟೈಲರ್: ಆ ಗೋಳು ಕೇಳ್ಬೇಡಿ. ನಮ್ಮತ್ತೆಗೆ. ಹೊಟ್ಟೆ ನುಲೀತಿದೆ ಅಂದ್ರು. ದಿನಕ್ಕೆ ಎರಡರ ಹಾಗೆ ನಿನ್ನೆವರೆಗೂ ಕೈಯಾರೆ ಕೊಟ್ಟೆ. ಹೆತ್ತ ಮಗನೂ ಅಷ್ಟು ಮಾಡಲ್ಲ. ಅದಕ್ಕೆ ಬಂದ ಬಹುಮಾನ ಏನು ಗೊತ್ತಾ? ಬೀದೀಲೆಲ್ಲ ಸಾರ್ತಿದಾರೆ, ‘ನಮ್ಮ ಅಳಿಯಂದ್ರು ನನಗೆ ವಿಷ ಹಾಕ್ತಿದಾರೆ’ ಅಂತ! ವಿಷ ಹಾಕೋನಿಗೂ ಬಹುವಚನ, ಅದೊಂದು ಮರ್ಯಾದೆ ಬಿಡಲ್ಲ.

ಅಂಗಡಿಯಾಕೆ: ಅವರಿಗೆ ಯಾಕೆ ಹಾಗನ್ನಿಸ್ತು?

ಟೈಲರ್: ಏನು ತಿಂದ್ರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗಿರುತ್ತಂತೆ. ನಾನು ಅಡುಗೆಗೆ ಹೊಲಿಗೆ ಮಿಷಿನ್ ಎಣ್ಣೆ ಬೆರೆಸ್ತೀನಂತೆ!

ಅಂಗಡಿಯಾಕೆ: ಆ ಕಬ್ಬಿಣದ ರುಚಿ ಈ ಮಾತ್ರೇದೇ ಮಾಸ್ಟ್ರೇ. ನಿಲ್ಲಿಸಿದ್ರೆ ಹೋಗುತ್ತೆ, ಅದಕ್ಕೆ ಹೆದರೋದು ಬೇಡ... ಒಂದು ನಿಮಿಷ. ನಿಮ್ಮತ್ತೆ ಅಂದ್ರೆ, ಹೃದಯದ ಆಪರೇಷನ್ ಆಗಿತ್ತಲ್ಲ, ಅವರೇನಾ?

ಟೈಲರ್: ಅವರೇ. ಅವರಿಗೂ ಹೃದಯ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಅಂಗಡಿಯಾಕೆ ನಗಲಿಲ್ಲ. ಅಷ್ಟರಲ್ಲಿ ರಸ್ತೆ ದಾಟಿಕೊಂಡು ಅತ್ತೆಯೇ ಬಂದರು. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

ಅತ್ತೆ: ಇಲ್ಲಿದೀರಾ ಅಳಿಯಂದ್ರೇ? ನೋಡಮ್ಮ ತಾಯಿ, ಬೆಳಿಗ್ಗೆ ಹಲ್ಲುಜ್ಜಿದ್ದು, ವಸಡಿನ ರಕ್ತ ಇನ್ನೂ ನಿಂತಿಲ್ಲ.

ಟೈಲರ್: ಪಾತ್ರೆ ತಿಕ್ಕೋ ಹಾಗೆ ತಿಕ್ಕಿದ್ರೆ ಇನ್ನೇನಾಗುತ್ತೆ ಅತ್ತೆ?

ಅತ್ತೆ: ಇದನ್ನೂ ನಾನೇ ತಿಕ್ಕಿದ್ನಾ?

ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈಯಿಂದ ಮೇಲಕ್ಕೆ ಅಂಗೈಯಗಲ ನೀಲಿಗಟ್ಟಿತ್ತು.

ಅತ್ತೆ: ಬಾಗಿಲು ತಗಲಿದ್ದು ಅಷ್ಟೇ.

ಅಂಗಡಿಯಾಕೆ: ಅಮ್ಮಾ, ಕೂತ್ಕೊಳ್ಳಿ. ರಕ್ತ ಹೆಪ್ಪುಗಟ್ಟಬಾರ್ದು ಅಂತ ನನ್ನ ಹತ್ರ ತಗೊಂಡು ಹೋಗ್ತೀರಲ್ಲ, ಆ ಮಾತ್ರೆ ಬಿಡದೆ ನುಂಗ್ತಿದೀರಾ?

ಅತ್ತೆ: ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸಿದ್ರೆ ಜೀವಕ್ಕೇ ಕುತ್ತು ಅಂದಿದ್ರಲ್ಲ ಡಾಕ್ಟ್ರು?

ಅಂಗಡಿಯಾಕೆ: ಮಾಸ್ಟ್ರೇ, ನೀವು ಕೊಟ್ಟ ಮಾತ್ರೆ ಆ ಮಾತ್ರೆಯ ಜೋರನ್ನ ವಿಪರೀತ ಏರಿಸುತ್ತೆ. ರಕ್ತ ಒಳಗೆಲ್ಲಾದ್ರೂ ಸೋರಿದ್ರೂ ನಿಲ್ಲಲ್ಲ. ತಲೆಗೇನಾದ್ರೂ ಹೋದ್ರೆ ಮುಗೀತು. ಆಟೋ ಕರೀರಿ. ಈಗಲೇ!

ಟೈಲರನ ಊದದ ಕೆನ್ನೆಯೂ ಬಿಳಿಚಿಕೊಂಡಿತು. ಅತ್ತೆಯ ಮುಖ ಮಾತ್ರ ಅರಳಿತು.

ಅತ್ತೆ: ಕೇಳಿದ್ರಾ! ಅಂದ್ರೆ ನಾನು ಹೇಳಿದ್ದು ನಿಜ! ಬೀದಿಯಲ್ಲಿ ಒಬ್ಬರಾದ್ರೂ ನಂಬಿದ್ರಾ? ಎಲ್ರೂ ‘ಮುದುಕಿಗೆ ಅರಳುಮರಳು’ ಅಂದ್ರು.

ಟೈಲರ್: ಅತ್ತೇ, ದಮ್ಮಯ್ಯ, ಮಾತಾಡ್ಬೇಡಿ. ರಕ್ತ ಬರ್ತಿದೆ.

ಅತ್ತೆ: ಇಷ್ಟು ವರ್ಷಕ್ಕೆ ಒಂದು ಸಲ ಗೆದ್ದಿದೀನಿ, ಈಗ ಬಾಯಿ ಮುಚ್ಚು ಅಂತೀರಾ?

ಅಂಗಡಿಯಾಕೆ ಎರಡೂ ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಟೈಲರನ ಜೇಬಿಗೆ ತುರುಕಿ, ಆಸ್ಪತ್ರೆಗೆ ಫೋನ್ ಮಾಡಿದಳು. ಆಟೋದಲ್ಲಿ ಅವನು ಅತ್ತೆಯ ತಲೆ ಎಲ್ಲಿಗೂ ತಗಲದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಪ್ರತಿ ಹಳ್ಳ ಬಂದಾಗಲೂ ತಾನೇ ‘ಅಮ್ಮಾ’ ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹೆಪ್ಪುಗಟ್ಟದಿರುವ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ರಕ್ತ ನಿಲ್ಲಲು ಔಷಧಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ವಸಡಿನ ರಕ್ತ ನಿಂತಿತು. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎನ್ನುತ್ತ ಡಾಕ್ಟರು ಕನ್ನಡಕ ಏರಿಸಿದರು.

ಡಾಕ್ಟರು: ಈ ಮಾತ್ರೆ ನಿಮಗೆ ಕೊಟ್ಟ ಬೃಹಸ್ಪತಿ ಯಾರು?

ಟೈಲರ್ ಎದ್ದು ನಿಂತ. ಬಾಯಿ ತೆರೆಯುವಷ್ಟರಲ್ಲಿ—

ಅತ್ತೆ: ಯಾರೂ ಇಲ್ಲ ಡಾಕ್ಟ್ರೇ. ಡಬ್ಬೀಲಿತ್ತು, ನಾನೇ ತಗೊಂಡೆ. ಇವರು ನಮ್ಮ ಅಳಿಯಂದ್ರು. ಬಂಗಾರದಂಥವರು.

ಡಾಕ್ಟರು ಐದು ನಿಮಿಷ ಅತ್ತೆಗೆ ಬೈದರು. ಅತ್ತೆ ಎದುರಾಡದೆ ತಲೆತಗ್ಗಿಸಿ ಬೈಸಿಕೊಂಡದ್ದನ್ನು ಟೈಲರ್ ಜೀವಮಾನದಲ್ಲಿ ಮೊದಲ ಸಲ ನೋಡಿದ. ಡಾಕ್ಟರು ಅತ್ತ ಹೋದೊಡನೆ ಅವನ ಕಣ್ಣು ತುಂಬಿಬಂತು.

ಟೈಲರ್: ಅತ್ತೇ, ನನ್ನಿಂದ ನಿಮ್ಮ ಪ್ರಾಣ ಹೋಗ್ತಿತ್ತು. ಆದ್ರೂ ನನ್ನನ್ನ ಬಿಟ್ಟುಕೊಡಲಿಲ್ಲ ನೀವು.

ಅತ್ತೆ: ಬಿಟ್ಟುಕೊಡೋಕೆ ನಾನೇನು ದಡ್ಡೀನಾ? ಆ ಡಾಕ್ಟ್ರು ಐದು ನಿಮಿಷ ಬೈದು ಮರ್ತುಬಿಡ್ತಾರೆ. ನಾನಾದ್ರೆ ಇನ್ನೂ ಇಪ್ಪತ್ತು ವರ್ಷ ಬೈಬಹುದು. ಅದಕ್ಕೇ ನರ್ಸಮ್ಮನಿಗೆ ಹೇಳಿದೀನಿ, ಚೆನ್ನಾಗಿ ನೋಡ್ಕೊಳ್ಳಮ್ಮ, ನನಗೆ ಬದುಕೋಕೆ ಈಗ ಒಂದು ಕಾರಣ ಸಿಕ್ಕಿದೆ ಅಂತ.