ಹೊರಳುವ ಚೆಂಡು ಮತ್ತು ನನ್ನ ಬಿ.ಎ.

ಬಿ.ಎ. ಪಾಸಾದವನಿಗೆ ನಮ್ಮ ಕಡೆ ಎಲ್ಲ ಮರ್ಯಾದೆಯೂ ಉಂಟು. 'ನನಗೆ ಗೊತ್ತಿಲ್ಲ' ಎನ್ನುವ ಸ್ವಾತಂತ್ರ್ಯ ಮಾತ್ರ ಇಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲಿನವರೆಲ್ಲ ಹೆಬ್ಬೆಟ್ಟು ಒತ್ತುವವರು. ಹೈದರಾಬಾದಿನ ಬೋರ್ಡಿಂಗಿನಲ್ಲಿ ನೀರುಸಾರು ಉಂಡು, ಉರ್ದುವಿನಲ್ಲಿ ಇತಿಹಾಸ ಬಾಯಿಪಾಠ ಮಾಡಿ ಪದವಿ ತಂದವನು ನಾನು. ನಮ್ಮೂರು ಯಲಬುರ್ಗಾಕ್ಕೆ ಮಾಸ್ತರನಾಗಿ ಬಂದದ್ದೇ ತಡ, ಜನ ತಹಶೀಲಿನ ನೋಟೀಸು, ಔಷಧದ ಬಾಟಲಿ, ಎತ್ತಿನ ಕಾಲುಬಾವು ಎಲ್ಲವನ್ನೂ ನನ್ನ ಮುಂದೆ ತಂದರು. ಎತ್ತಿನ ಬಗ್ಗೆಯೂ ಏನೋ ಹೇಳಿದೆ. ಪುಣ್ಯಕ್ಕೆ ಅದು ತಾನಾಗಿ ಗುಣವಾಯಿತು.

ಆಗ ಯುದ್ಧದ ಕಾಲ. ಸಿಕಂದರಾಬಾದಿನ ದಂಡಿನಲ್ಲಿ ಗುಮಾಸ್ತನಾಗಿದ್ದ ಗೆಳೆಯನೊಬ್ಬ, ಸೋಲ್ಜರರು ಓದಿ ಬಿಸಾಕಿದ್ದ ಅಮೆರಿಕದ ಪತ್ರಿಕೆಯೊಂದನ್ನು ಕಳಿಸಿದ. ಅದರ ತುಂಬ ಬೇಸ್‌ಬಾಲ್ ಆಟದ ಮಹಾ ಮಹಾ ಪಿಚರರ ಚರಿತ್ರೆ. ಪಿಚರ್ ಎಂದರೆ ಚೆಂಡು ಎಸೆಯುವವನು. ಬಡಿಗೆ ಹಿಡಿದು ಎದುರು ನಿಂತವನಿಗೆ ಹೊಡೆಯಲಾಗದ ಹಾಗೆ ಎಸೆದೇ ಹೊಟ್ಟೆ ಹೊರೆಯುವವನು. ಅವರಲ್ಲಿ ರೈತರ ಮಕ್ಕಳು ಬಹಳ. ಒಂದೇ ತೋಳಿನ ಬಲದಿಂದ ಮೇಲೆ ಬಂದವರು. ಓದುತ್ತ ಓದುತ್ತ ಅವರು ನನಗೆ ಬೀಗರಷ್ಟು ಹತ್ತಿರವಾದರು.

ದರ್ಜಿ ಖಾಸೀಂಸಾಬರ ಕಟ್ಟೆಯ ಮೇಲೆ ಇದನ್ನೆಲ್ಲ ಬಣ್ಣಿಸಿದೆ.

"ಹೊಡೀಲಾರದಂಗ ಒಗಿಯೂದಾದ್ರ ಅವನ ಕೈಯಾಗ ಬಡಿಗಿ ಯಾಕ ಕೊಟ್ಟಾರ?" ಎಂದ ನನ್ನ ಸೋದರಮಾವ ಶಿವಪ್ಪ.

"ಮರ್ಯಾದಿಗೆ ಕೊಟ್ಟಿರಬೇಕು ತಗೋ," ಎಂದರು ಖಾಸೀಂಸಾಬರು.

ಎಲ್ಲರಿಗಿಂತ ದೊಡ್ಡ ಪಿಚರ್ ಚೆಂಡನ್ನು ಗಾಳಿಯಲ್ಲೇ ಪಕ್ಕಕ್ಕೆ ಹೊರಳಿಸುತ್ತಾನೆ ಎಂದೆ. ಖಾಸೀಂಸಾಬರು ಕತ್ತರಿ ಕೆಳಗಿಟ್ಟರು. "ಮಾಸ್ತರ್ರ, ಗ್ವಾಡಿಗೆ ಬಡದ್ರ ಹೊಳ್ಳತೈತಿ. ಬಯಲಾಗ ಯಾರಿಗೆ ಹೆದರಿ ಹೊಳ್ಳತೈತ್ರಿ?"

ಕುಪ್ಪಸದ ಅರಿವೆ ಕೊಡಲು ಬಂದಿದ್ದ ನಮ್ಮ ಅವ್ವ ಇದನ್ನು ಕೇಳಿಸಿಕೊಂಡಳು. "ನನ್ನ ಮಗ ಸುಳ್ಳ ಓದಂಗಿಲ್ಲ. ನಾಳಿ ಮುಂಜಾನಿ ಕಣದಾಗ ಹೊಳ್ಳಿಸಿ ತೋರಸ್ತಾನ, ಬರ್ರಿ."

ಓಣಿಯೆಲ್ಲ ಕೇಳುವಂತೆ ಆಡಿದ ಮಾತು. ನಾನು ಸೋತರೆ ಸುಳ್ಳಿ ಎನಿಸಿಕೊಳ್ಳುವವಳು ಅವ್ವ.

ಮರುದಿನ ಕಣದಲ್ಲಿ ಅರ್ಧ ಊರು ಸೇರಿತ್ತು. ಖಾಸೀಂಸಾಬರು ಚಿಂದಿಯ ಚೆಂಡು ಹೊಲಿದು ತಂದಿದ್ದರು. ಮಾವ ಬಡಿಗೆ ಹಿಡಿದು ನಿಂತ. ಪತ್ರಿಕೆಯ ಚಿತ್ರ ನೋಡಿ ಬೆರಳು ಜೋಡಿಸಿ ಎಸೆದೆ. ಮಾವ ಅದನ್ನು ತಿಪ್ಪೆಗೆ ಅಟ್ಟಿದ. ಎರಡನೆಯದೂ ತಿಪ್ಪೆಗೇ ಹೋಯಿತು. ಮೂರನೆಯದು ಮಾವನ ಮೊಣಕಾಲಿಗೆ.

"ಚೆಂಡು ನೆಟ್ಟಗs ಬಂತೋ ಅಳಿಯಾ, ನನ್ನ ಕಾಲು ಸೊಟ್ಟಾತು," ಎಂದ.

ಜನ ನಕ್ಕರು. ಅವ್ವ ನಗಲಿಲ್ಲ, ಸೆರಗು ಬಿಗಿದುಕೊಂಡು ಬಂದು ನನ್ನ ಕೈಯಿಂದ ಚೆಂಡು ಇಸಿದುಕೊಂಡಳು. ಹರೆಯವೆಲ್ಲ ಕಂಡವರ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ, ಕವಣೆಗಿಂತ ಬರಿಗೈಯಿಂದಲೇ ಹೆಚ್ಚು ಕಲ್ಲು ಬೀಸಿದವಳು. ಹೊಲಿಗೆಯ ಗಂಟನ್ನು ಹೆಬ್ಬೆರಳಿನಿಂದ ತಡಕಿದಳು. ಮಣಿಕಟ್ಟು ತಿರುವಿ ಬಿಟ್ಟಳು. ಚೆಂಡು ನೇರ ಮಾವನತ್ತ ಹೋಯಿತು, ಮಾವ ಬಡಿಗೆ ಬೀಸಿದ, ಚೆಂಡು ಗಾಳಿಯಲ್ಲೇ ಹೊರಳಿ ಎಡಕ್ಕೆ ಹೊರಟುಹೋಯಿತು.

ಖಾಸೀಂಸಾಬರು ಚೆಂಡು ಎತ್ತಿ ತಮ್ಮ ಹೊಲಿಗೆಯನ್ನೇ ತಿರುಗಿಸಿ ನೋಡಿದರು. "ಎಲ್ಲಿ ಕಲ್ತಿ ಯಕ್ಕಾ?"

"ಎಲ್ಲಿ ಅಂದ್ರ? ಮಗ ಬಿ.ಎ. ಅಲ್ಲೇನು? ಮನ್ಯಾಗ ಕಲಿಸ್ಯಾನ," ಎಂದ ಮಾವ, ಮೊಣಕಾಲು ತಿಕ್ಕುತ್ತ.

ಅವ್ವ ಒಮ್ಮೆ ನನ್ನ ಮುಖ ನೋಡಿದಳು. "ಹೌದು, ಅವನs ಓದಿ ಹೇಳ್ಯಾನ," ಎಂದಳು.

ಊರಿಗೆ ಊರೇ ನನ್ನತ್ತ ತಿರುಗಿತು. ಇದ್ದದ್ದನ್ನು ಇದ್ದ ಹಾಗೆ ಹೇಳುವವನೆಂದು ಹೆಸರಾದವನು ನಾನು. ಗಂಟಲು ಸರಿಮಾಡಿಕೊಂಡೆ.

"ಮಣಿಕಟ್ಟು ಇನ್ನೊಂದೀಟು ಸಡ್ಲ ಬಿಡಬೇಕವ್ವ," ಎಂದೆ.